ತೊಲೆಯ ಮೇಲಿನ ನೀಲಿ

ಹಳೆಯ ಕಟ್ಟಡವೊಂದರ ವರ್ಣಚಿತ್ರವನ್ನು ಕಂಡು ‘ಎಷ್ಟು ಪ್ರಾಚೀನವಾದದ್ದು!’ ಎಂದು ಬೆರಗಾಗುವುದು ಸುಲಭ. ಅದರ ಬಣ್ಣ ನಿಜವಾಗಿಯೂ ಎಷ್ಟು ಹಳೆಯದೆಂದು ಕೇಳುವುದು ಅಷ್ಟು ಸುಲಭವಲ್ಲ. ರಸಾಯನಶಾಸ್ತ್ರವನ್ನು ಕಲಿಸುತ್ತ ಆಯುಷ್ಯ ಕಳೆದ ನನಗೆ ಈ ಎರಡನೆಯ ಪ್ರಶ್ನೆಯಲ್ಲೇ ಹೆಚ್ಚು ಆಸಕ್ತಿ. ಚೀನದ ಅರಮನೆ, ದೇಗುಲಗಳ ತೊಲೆಗಳ ಮೇಲಿರುವ ಚಿತ್ರಗಳನ್ನು ಕುರಿತ ಸಂಶೋಧನೆಗಳನ್ನು ಓದುತ್ತ ಹೋದಂತೆ, ಬಹುಕಾಲದಿಂದ ನಂಬಿಕೊಂಡಿದ್ದ ಒಂದು ಅಭಿಪ್ರಾಯವನ್ನು ನಾನು ತಿದ್ದಿಕೊಳ್ಳಬೇಕಾಯಿತು. ಆ ಸಂಗತಿಯನ್ನೇ ಇಂದು ತಮ್ಮ ಮುಂದಿಡುತ್ತೇನೆ.

ಚೀನದ ಪ್ರಾಚೀನ ವಾಸ್ತುಶಿಲ್ಪ ಬಹುಮಟ್ಟಿಗೆ ಮರದ ಶಿಲ್ಪ. ಅಲ್ಲಿ ಬಣ್ಣವೆಂಬುದು ಬರಿಯ ಅಲಂಕಾರವಲ್ಲ, ಮರಕ್ಕೆ ತೊಡಿಸಿದ ಕವಚ. ಚಿಂಗ್ ಅರಸರ ಕಾಲದಲ್ಲಿ ಇಟ್ಟಿಗೆಯ ಪುಡಿ, ತುಂಗ್ ಎಣ್ಣೆ, ಹಂದಿಯ ರಕ್ತ, ಸೆಣಬಿನಂಥ ನಾರು, ಇವುಗಳಿಂದ ಮರದ ಮೇಲೆ ಗಟ್ಟಿಯಾದ ಗಾರೆಯನ್ನು ಬಳಿದು, ಅದರ ಮೇಲೆ ಚಿತ್ರ ಬರೆಯುತ್ತಿದ್ದರು. ಅದಕ್ಕೂ ಬಹಳ ಹಿಂದೆ, ಸುಂಗ್ ಅರಸರ ಕಾಲದಲ್ಲಿ, ಲೀ ಜ್ಯೆ ಎಂಬ ಅಧಿಕಾರಿ ಸಿದ್ಧಪಡಿಸಿದ ‘ಯಿಂಗ್‌ಝಾವ್ ಫಾಷಿ’ ಎಂಬ ವಾಸ್ತುಗ್ರಂಥ 1103ರಲ್ಲಿ ಪ್ರಕಟವಾಯಿತು. ನೀಲಿಯ ಕಲ್ಲಾದ ಅಜುರೈಟನ್ನೂ ಹಸಿರಿನ ಕಲ್ಲಾದ ಮ್ಯಾಲಕೈಟನ್ನೂ ಅರೆದು, ನೀರಿನಲ್ಲಿ ತೊಳೆದು ಬೇರ್ಪಡಿಸುವ ಕ್ರಮವನ್ನು ಅದು ವಿವರಿಸುತ್ತದೆ. ದಪ್ಪ ಕಣಗಳು ತಳಕ್ಕಿಳಿದು ಗಾಢವರ್ಣವಾಗುತ್ತವೆ. ನುಣ್ಣನೆಯ ಕಣಗಳು ಮೇಲೆ ನಿಂತು ತಿಳಿವರ್ಣವಾಗುತ್ತವೆ. ಕಲ್ಲು ಒಂದೇ, ಛಾಯೆಗಳು ಹಲವು.

ಆದರೆ ಗಾಳಿ ಬಿಸಿಲುಗಳಿಗೆ ಮೈಯೊಡ್ಡಿದ ಚಿತ್ರ ಕಾಲಕ್ರಮದಲ್ಲಿ ಮಾಸಲೇಬೇಕು. ಆದುದರಿಂದ ಹಳೆಯದರ ಮೇಲೆಯೇ ಹೊಸದನ್ನು ಬರೆಯುವುದು, ಕೆಲವೊಮ್ಮೆ ಹಳೆಯದನ್ನು ಕೆರೆದುಹಾಕಿ ಬರೆಯುವುದು ವಾಡಿಕೆಯಾಗಿತ್ತು. ಇಲ್ಲಿಯೇ ವಿಜ್ಞಾನಿಗೆ ಕೆಲಸ ಹುಟ್ಟುವುದು. ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಒಂದು ಚೂರನ್ನು ರಾಳದಲ್ಲಿ ಹುದುಗಿಸಿ, ಅಡ್ಡಲಾಗಿ ಕೊಯ್ದು ನಯಗೊಳಿಸಿ, ಸೂಕ್ಷ್ಮದರ್ಶಕದಡಿ ಇಟ್ಟರೆ ಪದರದ ಮೇಲೆ ಪದರ ಕಾಣುತ್ತದೆ. ಎಕ್ಸ್ ಕಿರಣಗಳು ಅದರಲ್ಲಿರುವ ಧಾತುಗಳನ್ನು ತಿಳಿಸುತ್ತವೆ. ಅಷ್ಟರಿಂದಲೇ ತೀರ್ಮಾನವಾಗದು, ತಾಮ್ರವೊಂದು ದೊರೆತರೆ ಅದು ನೀಲಿಯ ಕಲ್ಲಿನದೂ ಆಗಬಹುದು, ಹಸಿರಿನ ಕಲ್ಲಿನದೂ ಆಗಬಹುದು. ಅಲ್ಲಿ ಬೆಳಕಿನ ಚದುರುವಿಕೆ ನೆರವಿಗೆ ಬರುತ್ತದೆ. ವಸ್ತುವಿನಿಂದ ಚದುರಿದ ಬೆಳಕಿನ ಒಂದಂಶ ಬಣ್ಣ ಬದಲಿಸುತ್ತದೆಂದು ಸರ್ ಸಿ.ವಿ. ರಾಮನ್ನರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಕೊಂಡರು. 1933ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೂ ಇಲ್ಲಿಯೇ ನೆಲೆಸಿದ ಅವರ ಹೆಸರಿನ ಪರಿಣಾಮವೇ ಇಂದು ಬೀಜಿಂಗಿನ ತೊಲೆಯ ಬಣ್ಣವನ್ನು ಗುರುತಿಸಿಕೊಡುತ್ತಿದೆ.

ಹಾಗೆ ಗುರುತಿಸಿದಾಗ ಕಂಡದ್ದೇನು? ಚಿಂಗ್ ಕಾಲದ ಕಟ್ಟಡಗಳ ಎಷ್ಟೋ ಮೇಲ್ಪದರಗಳಲ್ಲಿದ್ದ ನೀಲಿ ಅಜುರೈಟ್ ಅಲ್ಲ, ಕೃತಕ ಅಲ್ಟ್ರಾಮರೀನ್. ನಮ್ಮ ಮನೆಗಳಲ್ಲಿ ಬಿಳಿಯ ಬಟ್ಟೆಗೆ ಹಾಕುತ್ತಿದ್ದ ನೀಲಿಯ ಪುಡಿಯೂ ಇದೇ ವಸ್ತು. ಇದನ್ನು ತಯಾರಿಸಿದ್ದಕ್ಕಾಗಿ ಫ್ರಾನ್ಸಿನ ಗಿಮೆ 1828ರಲ್ಲಿ ಬಹುಮಾನ ಪಡೆದ. ಅಂತೆಯೇ ಕೆಲವೆಡೆ ದೊರೆತ ಹಸಿರು, 1814ರಲ್ಲಿ ಜರ್ಮನಿಯಲ್ಲಿ ತಯಾರಿಕೆಗೆ ಬಂದ, ತಾಮ್ರ ಮತ್ತು ಆರ್ಸೆನಿಕ್ಕಿನ ಸಂಯುಕ್ತ. ಅಂದಮೇಲೆ ಆ ಪದರಗಳು ಆ ವರ್ಷಗಳಿಗಿಂತ ಹಿಂದಿನವಾಗಿರಲು ಸಾಧ್ಯವಿಲ್ಲ. ಎಷ್ಟು ಈಚಿನವೆಂಬುದನ್ನು ಮಾತ್ರ ಬಣ್ಣವೊಂದೇ ಹೇಳಲಾರದು. ಅದಕ್ಕೆ ದುರಸ್ತಿಯ ದಾಖಲೆಗಳನ್ನೂ ಓದಬೇಕು.

ಇದನ್ನು ಮೊದಲು ಓದಿದಾಗ ನನಗೆ ಒಂದು ಬಗೆಯ ಹಿಗ್ಗು. ಕಲಬೆರಕೆ ಸಿಕ್ಕಿಬಿತ್ತು, ಇನ್ನು ಅದನ್ನು ಕಿತ್ತೊಗೆದು ಅಡಿಯ ‘ಅಸಲು’ ಚಿತ್ರವನ್ನು ಹೊರತೆಗೆಯಬಹುದು ಎಂದುಕೊಂಡೆ. ಪ್ರಯೋಗಾಲಯದಲ್ಲಿ ಶುದ್ಧವಾದದ್ದನ್ನೇ ಹುಡುಕಿದವನಿಗೆ ಅದು ಸಹಜವಾದ ಯೋಚನೆ. ಆದರೆ ಹಾಗೆ ಕೆರೆದರೆ ಹೋಗುವುದೇನು? ಕಡಲು ದಾಟಿ ಬಂದ ಬಣ್ಣವನ್ನು ಕೈಗೆತ್ತಿಕೊಂಡು, ನೀಲಿಯ ಪಕ್ಕಕ್ಕೆ ಹಸಿರು, ಹಸಿರಿನ ಪಕ್ಕಕ್ಕೆ ನೀಲಿ ಎಂಬ ತನ್ನ ಕಸುಬಿನ ಕಟ್ಟಳೆಯನ್ನು ಬಿಡದೆ ಚಿತ್ರಿಸಿದ ಕುಶಲಿಯ ಕೆಲಸ ಹೋಗುತ್ತದೆ. ಆತ ಮೋಸ ಮಾಡಲಿಲ್ಲ. ತನ್ನ ಕಾಲದಲ್ಲಿ ದೊರೆತದ್ದರಿಂದ ಮುಪ್ಪಾದ ಮರವನ್ನು ಕಾಪಾಡಿದ. ಒಮ್ಮೆ ಕೆರೆದ ಪದರ ಮತ್ತೆ ಬಾರದು. ಕೆರೆಯುವಾಗ ಏಳುವ ಧೂಳಿನಲ್ಲಿ ಆರ್ಸೆನಿಕ್ ಇದ್ದರೆ ಅದು ಇಂದಿನ ಕೆಲಸಗಾರನ ಶ್ವಾಸಕೋಶವನ್ನು ಸೇರುತ್ತದೆ.

ಹಾಗೆಂದು ಉದುರುತ್ತಿರುವ ಚಿತ್ರವನ್ನು ಮುಟ್ಟದೆ ಬಿಟ್ಟರೆ ಮರವೇ ಹಾಳಾದೀತು. 2007ರಲ್ಲಿ ಬೀಜಿಂಗಿನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ವಿಚಾರಗೋಷ್ಠಿಯ ಮುಂದೆ ಅಲ್ಲಿನ ಅರಮನೆಗಳ ಈ ಮರುಚಿತ್ರಣದ ಪ್ರಶ್ನೆಯೂ ಇತ್ತು. ಎಲ್ಲ ತೊಲೆಗಳಿಗೂ ಒಪ್ಪುವ ಒಂದೇ ಉತ್ತರ ಇದಕ್ಕಿಲ್ಲವೆಂದು ನನಗೆ ತೋರುತ್ತದೆ. ಉಳಿಸುವುದೋ ಮತ್ತೆ ಬರೆಯುವುದೋ ಎಂದು ನಿರ್ಧರಿಸುವ ಮುನ್ನ ಪ್ರತಿಯೊಂದು ಪದರವೂ ಏನೆಂದು ತಿಳಿದು ಬರೆದಿಡಬೇಕು, ಅಷ್ಟೆ.

ಹಿಂದೆ ನಾನು ಆ ಮೇಲಿನ ಪದರವನ್ನು ಕಲಬೆರಕೆಯೆಂದು ಕರೆಯುತ್ತಿದ್ದೆ. ಈಗ ಅಟ್ಟಣಿಗೆಯ ಮೇಲೆ ಕತ್ತೆತ್ತಿ ನಿಂತು, ನಮ್ಮ ಅಗಸರ ನೀಲಿಯಿಂದ ಅರಮನೆಯ ತೊಲೆಗೆ ಬಣ್ಣ ಕೊಡುತ್ತಿದ್ದ ಆ ಹೆಸರಿಲ್ಲದ ಮನುಷ್ಯ ನೆನಪಾಗುತ್ತಾನೆ. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.