ಸೀಮಂತಕ್ಕೂ ಮೊದಲು

ಮನೆಯ ಹೆಣ್ಣುಮಗಳು ಬಸುರಿ ಎಂದರೆ ಮಾವಿನಕಾಯಿ ಹುಡುಕಿ ತರುವವರಿಗೆ, ಹಸಿರು ಬಳೆ ತೊಡಿಸುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಆ ಅಕ್ಕರೆ ದೊಡ್ಡದು. ಆದರೆ ಸೀಮಂತ ಸಾಮಾನ್ಯವಾಗಿ ಏಳನೇ ತಿಂಗಳಲ್ಲಿ. ಮೊದಲ ತಪಾಸಣೆ ಆಗಬೇಕಾದದ್ದು 12 ವಾರಗಳೊಳಗೆ. "ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡ" ಎನ್ನುವ ಹಿರಿಯರೇ, ಊರಿಗೆ ಹೇಳದಿದ್ದರೂ ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡ್ ಮಾಡಿಸಿ.

ತಪಾಸಣೆ ಎಂದರೆ ಸ್ಕ್ಯಾನಿಂಗ್ ಒಂದೇ ಅಲ್ಲ. ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುವುದು ಜೀವ ಉಳಿಸುವ ಕೆಲಸ. ರಕ್ತದೊತ್ತಡ 140/90 ಮುಟ್ಟಿದರೂ ಮೈಗೆ ಏನೂ ಅನ್ನಿಸದೇ ಇರಬಹುದು. ಗಮನಿಸದೆ ಬಿಟ್ಟರೆ ಫಿಟ್ಸ್‌ವರೆಗೂ ಹೋಗಬಹುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಇವನ್ನೆಲ್ಲ "ಬಸುರಿಗೆ ಸಹಜ" ಎಂದು ತಳ್ಳಿಹಾಕುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಅಂದೇ ಆಸ್ಪತ್ರೆಗೆ ಹೋಗಬೇಕು.

ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಅದಕ್ಕೆ ಕೊಟ್ಟ ಕಬ್ಬಿಣಾಂಶದ ಮಾತ್ರೆ, ಮಲ ಕಪ್ಪಾಯಿತೆಂಬ ಹೆದರಿಕೆಯಿಂದ ಗೂಡು ಸೇರುತ್ತದೆ. ಕಪ್ಪಾಗುವುದು ಮಾತ್ರೆಯ ಗುಣ, ಅಷ್ಟೇ. ನಿಂಬೆರಸ ಹಿಂಡಿದ ನೀರಿನೊಂದಿಗೆ ನುಂಗಿ. ಕಾಫಿ, ಟೀ ಜೊತೆ ಬೇಡ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ 2016ರಿಂದ ನಡೆಯುತ್ತಿದೆ. ಅಂದು ಗಂಡನೂ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಹೋಗಲಿ. ಹೆಂಡತಿಯ ರಕ್ತದ ಗುಂಪು ಯಾವುದು, ಹೆರಿಗೆ ಎಲ್ಲಿ, ನಡುರಾತ್ರಿ ನೋವು ಬಂದರೆ 108ಕ್ಕೆ ಕರೆ ಮಾಡುವವರು ಯಾರು ಎಂಬುದನ್ನು ಅವನೂ ತಿಳಿದುಕೊಂಡು ಬರಲಿ.