ಗೀಸರ್ ಏಕೆ ತಣ್ಣಗಿದೆ? ವಿದ್ಯುತ್ತಿನ ಹಾದಿ ಹಿಡಿದು ದೋಷ ಹುಡುಕುವ ಬಗೆ



ಹಿಂದೆ ನಮ್ಮ ಬಚ್ಚಲುಮನೆಗಳಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಸೌದೆ ಒಲೆ ಇರುತ್ತಿದ್ದವು. ಹಳ್ಳಿಯ ಅನೇಕ ಮನೆಗಳಲ್ಲಿ ಈಗಲೂ ಇವೆ. ನೀರು ಹದವಾಗಿ ಕಾದಿದೆಯೇ ಎಂದು ಅಜ್ಜಿಯೋ ಅಮ್ಮನೋ ಬೆರಳು ಅದ್ದಿ ನೋಡುತ್ತಿದ್ದರು. ಕಾದಿದ್ದರೆ ಸೌದೆಯನ್ನು ಹಿಂದಕ್ಕೆ ಎಳೆಯುತ್ತಿದ್ದರು. ಆರಿದ್ದರೆ ಮುಂದಕ್ಕೆ ತಳ್ಳುತ್ತಿದ್ದರು. ಇದೇ ಕೆಲಸವನ್ನು ವಿದ್ಯುತ್ ಗೀಸರಿನಲ್ಲಿ ಥರ್ಮೋಸ್ಟಾಟ್ ಎಂಬ ಚಿಕ್ಕ ಸಾಧನ ಮಾಡುತ್ತದೆ. ಕನ್ನಡದಲ್ಲಿ ಇದನ್ನು ತಾಪಸ್ಥಾಪಿ ಎನ್ನಬಹುದು.

ಚಳಿಗಾಲದ ಒಂದು ಬೆಳಗ್ಗೆ ಗೀಸರಿನ ದೀಪ ಹತ್ತುವುದಿಲ್ಲ. ನಲ್ಲಿಯಲ್ಲಿ ತಣ್ಣೀರು. ಮನೆಯಲ್ಲಿ ಕೂಡಲೇ ತೀರ್ಪು ಹೊರಡುತ್ತದೆ: "ಥರ್ಮೋಸ್ಟಾಟ್ ಹೋಗಿದೆ, ಬದಲಾಯಿಸಬೇಕು." ತೀರ್ಪು ಸರಿಯಿದ್ದರೂ ಇರಬಹುದು. ಆದರೆ ಅದು ವಿಚಾರಣೆಯಿಲ್ಲದೆ ಕೊಟ್ಟ ತೀರ್ಪು. ಥರ್ಮೋಸ್ಟಾಟ್ ಕೆಟ್ಟಿದೆಯೋ, ಅಥವಾ ಅದಕ್ಕೆ ವಿದ್ಯುತ್ತೇ ತಲುಪುತ್ತಿಲ್ಲವೋ? ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಇವನ್ನು ಬಿಡಿಸಿ ನೋಡುವ ಕ್ರಮ ಯಾವುದು, ಆ ಕ್ರಮವನ್ನು ಬಿಟ್ಟರೆ ಆಗುವ ಅಪಾಯ ಏನು ಎಂಬುದನ್ನು ಈ ಭಾಷಣದಲ್ಲಿ ನೋಡೋಣ.

ಮೊದಲು ಥರ್ಮೋಸ್ಟಾಟ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯೋಣ. ಅನೇಕ ಗೀಸರುಗಳಲ್ಲಿ ಇದು ನೀರಿನೊಳಗೆ ಚಾಚಿಕೊಂಡ ಒಂದು ಹಿತ್ತಾಳೆ ಕೊಳವೆ. ಕೊಳವೆಯೊಳಗೆ ಇನ್ವಾರ್ ಎಂಬ ಮಿಶ್ರಲೋಹದ ಸರಳು. ಕಬ್ಬಿಣಕ್ಕೆ ಶೇಕಡ 36ರಷ್ಟು ನಿಕ್ಕಲ್ ಬೆರೆಸಿದರೆ ಇನ್ವಾರ್ ಆಗುತ್ತದೆ. ಬಿಸಿಮಾಡಿದಾಗ ಅದು ಬಹಳ ಕಡಿಮೆ ಹಿಗ್ಗುತ್ತದೆ ಎಂಬುದನ್ನು 1896ರಲ್ಲಿ ಕಂಡುಕೊಂಡವರು ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ಷಾರ್ಲ್ ಎದುವಾರ್ ಗಿಯೋಮ್. ಅವರಿಗೆ 1920ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ನೀರು ಕಾದಂತೆ ಹಿತ್ತಾಳೆ ಉದ್ದವಾಗುತ್ತದೆ, ಇನ್ವಾರ್ ಬಹುಮಟ್ಟಿಗೆ ಇದ್ದಷ್ಟೇ ಇರುತ್ತದೆ. ಆಗ ಸರಳಿನ ತುದಿ ಹಿಂದಕ್ಕೆ ಸರಿದು ಒಂದು ಸ್ವಿಚ್ಚನ್ನು ಬಿಡಿಸುತ್ತದೆ. ಎಷ್ಟು ಸರಿಯುತ್ತದೆ ಗೊತ್ತೆ? ಕೊಳವೆಯ ಉದ್ದ 27 ಸೆಂಟಿಮೀಟರ್, ಉಷ್ಣತೆಯ ಏರಿಕೆ 40 ಡಿಗ್ರಿ ಎಂದುಕೊಂಡು ಲೆಕ್ಕ ಹಾಕಿ. ಉತ್ತರ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗ, ಅಷ್ಟೆ.

ಕೋಣೆಯ ಉಷ್ಣತೆಯನ್ನು ತಿಳಿಸುವ ವಿದ್ಯುತ್ ಥರ್ಮೋಸ್ಟಾಟಿಗೆ 1883ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಒಬ್ಬ ಅಧ್ಯಾಪಕ, ವಾರೆನ್ ಜಾನ್ಸನ್. ತರಗತಿ ಬೆಚ್ಚಗಿದೆಯೇ ಎಂದು ನೋಡಲು ಕುಲುಮೆಯ ನೌಕರ ಪಾಠದ ನಡುವೆ ಕೊಠಡಿಗೆ ಬರಬೇಕಾಗುತ್ತಿತ್ತು. ಆ ತೊಂದರೆಯೇ ಈ ಸಾಧನಕ್ಕೆ ಪ್ರೇರಣೆಯಾಯಿತು.

ಥರ್ಮೋಸ್ಟಾಟ್ ಶಾಖವನ್ನು ಉತ್ಪಾದಿಸುವುದಿಲ್ಲ. ಅದು ಹಾದಿಯ ನಡುವೆ ಇರುವ ಒಂದು ಬಾಗಿಲು ಮಾತ್ರ. ಈಗ ಹಾದಿಯನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಮೀಟರ್, ಮೇನ್ ಸ್ವಿಚ್, ಎಂ.ಸಿ.ಬಿ., ಗೋಡೆಯ ಸ್ವಿಚ್, ಸಾಕೆಟ್, ಪ್ಲಗ್, ಥರ್ಮೋಸ್ಟಾಟ್, ಥರ್ಮಲ್ ಕಟೌಟ್, ನೀರು ಕಾಯಿಸುವ ಕಾಯಿಲ್, ಅಲ್ಲಿಂದ ನ್ಯೂಟ್ರಲ್ ತಂತಿಯಲ್ಲಿ ಹಿಂದಕ್ಕೆ. ಥರ್ಮೋಸ್ಟಾಟ್ ಮತ್ತು ಕಟೌಟ್‌ಗಳ ಸ್ಥಾನ ಕೆಲವು ಗೀಸರುಗಳಲ್ಲಿ ಹಿಂದುಮುಂದಾಗಿರಬಹುದು. ಇವೆಲ್ಲ ಒಂದೇ ಸರಣಿಯಲ್ಲಿವೆ. ಸರಣಿ ಮಂಡಲದಲ್ಲಿ ಎಲ್ಲಿ ಒಂದು ಕಡೆ ಕಡಿದರೂ ಪರಿಣಾಮ ಒಂದೇ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಆದ್ದರಿಂದ ತಣ್ಣೀರನ್ನು ನೋಡಿ ದೋಷ ಎಲ್ಲಿದೆ ಎಂದು ಹೇಳಲು ಬರುವುದಿಲ್ಲ.

ನಮ್ಮ ಟೆಲಿವಿಷನ್ ಸ್ಟುಡಿಯೋದಲ್ಲಿ ಒಂದು ಮಾನಿಟರ್ ಕಪ್ಪಾದರೆ ತಂತ್ರಜ್ಞರು ಮಾನಿಟರನ್ನು ಬಿಚ್ಚಲು ಹೋಗುವುದಿಲ್ಲ. ಕ್ಯಾಮೆರಾದಿಂದ ಹೊರಟ ಸಂಕೇತ ಎಲ್ಲಿಯವರೆಗೆ ಬಂದಿದೆ ಎಂದು ಒಂದೊಂದೇ ಹಂತ ನೋಡುತ್ತಾ ಬರುತ್ತಾರೆ. ಗೀಸರಿಗೂ ಇದೇ ಕ್ರಮ ಸಾಕು.

ಮೊದಲ ಹಂತ: ಮನೆಯ ಉಳಿದ ದೀಪಗಳು ಉರಿಯುತ್ತಿವೆಯೇ? ಉರಿಯುತ್ತಿದ್ದರೆ ಎಂ.ಸಿ.ಬಿ. ಪೆಟ್ಟಿಗೆ ನೋಡಿ. ಗೀಸರಿನ ಎಂ.ಸಿ.ಬಿ. ಕೆಳಗೆ ಬಿದ್ದಿದ್ದರೆ, ಗೀಸರಿನ ಸ್ವಿಚ್ ಆರಿಸಿ ಒಂದು ಸಲ ಮಾತ್ರ ಮೇಲೆತ್ತಬಹುದು. ಸ್ವಿಚ್ ಹಾಕಿದೊಡನೆ ಮತ್ತೆ ಬಿದ್ದರೆ ಅಲ್ಲಿಗೆ ನಿಲ್ಲಿಸಿ. ಅದು ಬಿದ್ದದ್ದು ಕೆಟ್ಟಿರುವುದರಿಂದಲೇ ಎಂದು ತಿಳಿಯಬೇಡಿ. ಅತಿಯಾದ ಪ್ರವಾಹ ಹರಿದಾಗ ಬೀಳುವುದೇ ಅದರ ಕೆಲಸ.

ಎರಡನೆಯ ಹಂತ: ಪ್ಲಗ್ ಮತ್ತು ಸಾಕೆಟ್. ಸ್ವಿಚ್ ಆರಿಸಿ, ಒಣಗಿದ ಕೈಯಿಂದ, ಹಿರಿಯರ ಎದುರಿನಲ್ಲಿ ನೋಡಿ. ಪ್ಲಗ್ ಕಪ್ಪಾಗಿದೆಯೇ? ಸುಟ್ಟ ವಾಸನೆ ಇದೆಯೇ? 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಸಡಿಲವಾದ ಪ್ಲಗ್ಗಿನಲ್ಲಿ ಕೇವಲ ಅರ್ಧ ಓಮ್ ರೋಧವಿದ್ದರೂ ಅಲ್ಲಿ 35 ವ್ಯಾಟ್‌ಗಿಂತ ಹೆಚ್ಚು ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿ ಮಾಡುವವರ ಬೆಸುಗೆ ಕಡ್ಡಿ 25 ವ್ಯಾಟಿನದು. ಪ್ಲಗ್ ಏಕೆ ಕರಗುತ್ತದೆ ಎಂಬುದು ಈಗ ತಿಳಿಯಿತಲ್ಲವೆ?

ಮೂರನೆಯ ಹಂತ: ಗೀಸರಿನ ದೀಪಗಳು. ಅನೇಕ ಗೀಸರುಗಳಲ್ಲಿ ಎರಡು ದೀಪಗಳಿರುತ್ತವೆ. ಒಂದು ವಿದ್ಯುತ್ ಬಂದಿದೆ ಎನ್ನುತ್ತದೆ, ಇನ್ನೊಂದು ನೀರು ಕಾಯುತ್ತಿದೆ ಎನ್ನುತ್ತದೆ. ಎರಡೂ ಆರಿದ್ದರೆ ಗೀಸರಿಗೆ ವಿದ್ಯುತ್ ತಲುಪಿಲ್ಲ ಎಂಬ ಸಂಶಯ ಬಲವಾಗುತ್ತದೆ. ಮೊದಲನೆಯದು ಉರಿದು ಎರಡನೆಯದು ಆರಿದ್ದು, ನೀರೂ ತಣ್ಣಗಿದ್ದರೆ, ಥರ್ಮೋಸ್ಟಾಟ್ ಇಲ್ಲವೆ ಕಟೌಟ್ ತೆರೆದುಕೊಂಡಿರಬೇಕು. ಎರಡೂ ಉರಿದು ನೀರು ಕಾಯದಿದ್ದರೆ ಕಾಯಿಲ್ ಕಡಿದಿರಬಹುದು. ದೀಪವೇ ಕೆಟ್ಟಿರುವುದೂ ಉಂಟು, ಅದನ್ನು ಮರೆಯಬಾರದು.

ನಿಮ್ಮ ಕೆಲಸ ಇಲ್ಲಿಗೆ ಮುಗಿಯಿತು. ಮುಚ್ಚಳ ತೆಗೆಯುವುದು ಎಲೆಕ್ಟ್ರಿಷಿಯನ್ನರ ಕೆಲಸ. ಆದರೆ ಅವರು ಮಾಡುವುದನ್ನು ದೂರದಿಂದ ಗಮನಿಸಿದರೆ ಭೌತವಿಜ್ಞಾನದ ಒಳ್ಳೆಯ ಪಾಠ ಸಿಗುತ್ತದೆ. ಅವರು ಟೆಸ್ಟರ್ ಇಟ್ಟಾಗ ಅದು ಬೆಳಗಿದರೆ ಫೇಸ್ ಬಂದಿದೆ ಎಂದರ್ಥ. ಆದರೆ ಹಿಂತಿರುಗುವ ಹಾದಿ ಸರಿಯಿದೆ ಎಂದು ಅದು ಹೇಳುವುದಿಲ್ಲ. ನ್ಯೂಟ್ರಲ್ ತಂತಿ ಎಲ್ಲೋ ಕಡಿದಿದ್ದರೆ, ಫೇಸಿನ ವೋಲ್ಟೇಜು ಕಾಯಿಲ್ ದಾಟಿ ನ್ಯೂಟ್ರಲ್ ತುದಿಗೂ ಬರುತ್ತದೆ. ಆಗ ಟೆಸ್ಟರ್ ಎರಡೂ ಕಡೆ ಬೆಳಗುತ್ತದೆ, ಆದರೂ ನೀರು ಕಾಯುವುದಿಲ್ಲ! ಇಂಥ ಗೀಸರಿಗೆ ಎಷ್ಟು ಹೊಸ ಥರ್ಮೋಸ್ಟಾಟ್ ಹಾಕಿದರೂ ಹಣ ವ್ಯರ್ಥ. ಮೇನ್ ಆರಿಸಿ, ಕಾಯಿಲಿನ ತಂತಿಗಳನ್ನು ಬಿಡಿಸಿ, ಮೀಟರಿನಿಂದ ಅದರ ರೋಧ ಅಳೆದರೆ 2 ಕಿಲೋವ್ಯಾಟಿನ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು. ವೋಲ್ಟೇಜಿನ ವರ್ಗವನ್ನು ಸಾಮರ್ಥ್ಯದಿಂದ ಭಾಗಿಸಿ ನೀವೇ ತಾಳೆ ನೋಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಥರ್ಮೋಸ್ಟಾಟಿನ ಪಕ್ಕದಲ್ಲಿ ಥರ್ಮಲ್ ಕಟೌಟ್ ಎಂಬ ಎರಡನೆಯ ಕಾವಲುಗಾರ ಇದೆ ಎಂದೆನಷ್ಟೆ. ಥರ್ಮೋಸ್ಟಾಟ್ ತನ್ನ ಕೆಲಸ ತಪ್ಪಿ ನೀರು ಅತಿಯಾಗಿ ಕಾದಾಗ ಅದು ಹಾದಿಯನ್ನು ಕಡಿಯುತ್ತದೆ. ಕೆಲವು ಬಗೆಯ ಕಟೌಟ್‌ಗಳಲ್ಲಿ ಗುಂಡಿ ಒತ್ತಿದರೆ ಮತ್ತೆ ಹಾದಿ ಕೂಡುತ್ತದೆ. ಆಗ ಗೀಸರ್ ಬಿಸಿಯಾಗುತ್ತದೆ, ಮನೆಯವರಿಗೆ ಸಂತೋಷ. ಆದರೆ ಅದು ಕಡಿದದ್ದು ಏಕೆ? ಥರ್ಮೋಸ್ಟಾಟಿನ ಸಂಪರ್ಕಗಳು ಬೆಸೆದುಕೊಂಡು ಬಿಡಿಸಲಾರದೆ ಹೋಗಿರಬಹುದು. ಬೋರ್‌ವೆಲ್ಲಿನ ಗಡಸು ನೀರಿನಿಂದ ಒಳಗೆ ಸುಣ್ಣದ ಪದರ ಕಟ್ಟಿರಬಹುದು. ತೊಟ್ಟಿಯಲ್ಲಿ ನೀರಿಲ್ಲದೆ ಗೀಸರ್ ಬರಿದಾಗಿ ಕಾದಿರಬಹುದು. ಈ ಪ್ರಶ್ನೆಗೆ ಉತ್ತರ ಸಿಗದೆ ಗುಂಡಿ ಒತ್ತಿ ಸುಮ್ಮನಾಗಬಾರದು.

ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿದೆ. ಬಿಡಿಭಾಗ ಸಿಗದಾಗ ಕೆಲವರು ಥರ್ಮೋಸ್ಟಾಟ್, ಕಟೌಟ್ ಎರಡನ್ನೂ ತಪ್ಪಿಸಿ ತಂತಿಯನ್ನು ನೇರವಾಗಿ ಕಾಯಿಲಿಗೆ ಸೇರಿಸುತ್ತಾರೆ. "ಸದ್ಯಕ್ಕೆ ಡೈರೆಕ್ಟ್ ಕೊಟ್ಟಿದ್ದೇನೆ, ನೋಡಿಕೊಂಡು ಆಫ್ ಮಾಡಿ" ಎನ್ನುತ್ತಾರೆ. ಲೆಕ್ಕ ಹಾಕೋಣ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 2 ಕಿಲೋವ್ಯಾಟ್ ಗೀಸರಿಗೆ ಸುಮಾರು 18 ನಿಮಿಷ ಬೇಕು. 60ರಿಂದ 100 ಡಿಗ್ರಿಗೆ ಹೋಗಲು ಇನ್ನು 21 ನಿಮಿಷ ಸಾಕು. ಒಂದು ಫೋನ್ ಕರೆ, ಬಾಗಿಲಿಗೆ ಬಂದ ನೆಂಟರು, ಅಷ್ಟರಲ್ಲಿ 21 ನಿಮಿಷ ಕಳೆದಿರುತ್ತದೆ.

ಮೇಲಿನ ತೊಟ್ಟಿ 10 ಮೀಟರ್ ಎತ್ತರದಲ್ಲಿದ್ದರೆ ಗೀಸರಿನೊಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು ಎರಡು ಪಟ್ಟು. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 120 ಡಿಗ್ರಿಯವರೆಗೂ ಕಾಯುತ್ತದೆ. ಆಗ ಯಾರಾದರೂ ನಲ್ಲಿ ತಿರುಗಿಸಿದರೆ, ಒತ್ತಡ ಇಳಿದು ನೀರಿನ ಒಂದು ಭಾಗ ಕ್ಷಣದಲ್ಲಿ ಹಬೆಯಾಗಿ ನುಗ್ಗುತ್ತದೆ. ನಲ್ಲಿಯ ಕೆಳಗೆ ನಿಂತಿರುವುದು ಒಂದು ಮಗುವಾಗಿರಬಹುದು. ಒತ್ತಡ ಬಿಡುವ ವಾಲ್ವ್ ಸುಣ್ಣ ಕಟ್ಟಿ ಮುಚ್ಚಿಹೋಗಿದ್ದರೆ ಗೀಸರೇ ಸಿಡಿಯಬಹುದು. ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದ ಆ ಚಲನೆ ನಿತ್ಯ ತಡೆಯುತ್ತಿರುವುದು ಇದನ್ನೇ.

ಕೊನೆಯದಾಗಿ ಅರ್ತ್ ತಂತಿ. ವಿದ್ಯುತ್ ಹರಿಯುವ ಸರಣಿಯಲ್ಲಿ ಅದು ಇಲ್ಲ. ಅದಿಲ್ಲದೆಯೂ ನೀರು ಕಾಯುತ್ತದೆ. ಅದಕ್ಕೇ ಎಲ್ಲರೂ ಮರೆಯುತ್ತಾರೆ. ಕಾಯಿಲಿನ ಹೊರಕವಚ ಸೀಳಿ ವಿದ್ಯುತ್ ಲೋಹದ ಮೈಗೆ ಬಂದಾಗ ಅರ್ತ್ ತಂತಿಯೇ ಅದಕ್ಕೆ ಸುಲಭದ ಹಾದಿ ಕೊಡುತ್ತದೆ. ಇದರ ಜೊತೆಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇದ್ದರೆ, ಫೇಸಿನಲ್ಲಿ ಹೋದ ಪ್ರವಾಹ ನ್ಯೂಟ್ರಲಿನಲ್ಲಿ ಪೂರ್ತಿ ಹಿಂತಿರುಗದಿದ್ದಾಗ ಅದು ಹಾದಿಯನ್ನು ಕಡಿಯುತ್ತದೆ. ಗೀಸರ್ ಮುಟ್ಟಿದಾಗ ಅಥವಾ ನಲ್ಲಿ ಹಿಡಿದಾಗ ಸ್ವಲ್ಪ ಜುಮ್ಮೆಂದರೂ ಮೇನ್ ಆರಿಸಿ, ಹಿರಿಯರಿಗೆ ತಿಳಿಸಿ. 

ಈ ವಾರ ನಿಮಗೊಂದು ಕೆಲಸ. ನಿಮ್ಮ ಮನೆಯ ಗೀಸರಿಗೆ, ಗೀಸರ್ ಇಲ್ಲದಿದ್ದರೆ ಇಸ್ತ್ರಿ ಪೆಟ್ಟಿಗೆಗೆ, ವಿದ್ಯುತ್ ಬರುವ ಹಾದಿಯ ಚಿತ್ರ ಬರೆಯಿರಿ. ಇಸ್ತ್ರಿ ಪೆಟ್ಟಿಗೆಯಲ್ಲೂ ಒಂದು ಥರ್ಮೋಸ್ಟಾಟ್ ಇದೆ. ಯಾವ ಎಂ.ಸಿ.ಬಿ. ಯಾವುದಕ್ಕೆ ಎಂದು ಹಿರಿಯರನ್ನು ಕೇಳಿ ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿ. ಮುಂದೊಮ್ಮೆ ದೀಪ ಹತ್ತದಿದ್ದಾಗ "ಏನು ಹೋಗಿದೆ?" ಎಂದು ಕೇಳುವ ಮೊದಲು "ಎಲ್ಲಿಯವರೆಗೆ ಬಂದಿದೆ?" ಎಂದು ಕೇಳಿ. ರಿಪೇರಿಗೆ ಬಂದವರು ಡೈರೆಕ್ಟ್ ಕೊಡುತ್ತೇನೆ ಎಂದರೆ, ಬೇಡ ಎಂದು ವಿನಯದಿಂದ ಹೇಳಿ, ಕಾರಣವನ್ನೂ ಹೇಳಿ. ಕಾರಣ ಈಗ ನಿಮಗೆ ಗೊತ್ತಿದೆ.