ಆಸೆಗೆ ಅಗತ್ಯದ ಹೆಸರು ಬೇಡ



ತರೀಕೆರೆ ಕಡೆಯ ಅಡಿಕೆ ಬೆಳೆಗಾರರೊಬ್ಬರು ಭಾರಿ ಬೆಲೆಯ ಹೊಸ ಕಾರಿನಲ್ಲಿ ಮಠಕ್ಕೆ ಬಂದಿದ್ದರು. ನಾವು ಏನೂ ಕೇಳಿರಲಿಲ್ಲ. ಅವರೇ ಸಮರ್ಥನೆಗೆ ತೊಡಗಿದರು. "ತೋಟದ ದಾರಿ ಕೆಟ್ಟಿದೆ ಬುದ್ಧೀ, ಎತ್ತರದ ಗಾಡಿ ಬೇಕಿತ್ತು. 2025ರ ಸೆಪ್ಟೆಂಬರಿನಲ್ಲಿ ಇಂಥವುಗಳ ತೆರಿಗೆಯೂ ಶೇಕಡ 50ರಿಂದ 40ಕ್ಕೆ ಇಳಿಯಿತು" ಎಂದರು. "ತೋಟಕ್ಕೆ ಜೀಪು ಸಾಲದಾಗಿತ್ತೇ?" ಎಂದೆವು. ತಲೆ ತಗ್ಗಿಸಿ, "ಆಸೆಯಾಯಿತು ಬುದ್ಧೀ" ಎಂದರು. ಆ ಮಾತು ನಮಗೆ ಮೆಚ್ಚಿಗೆಯಾಯಿತು. ಆಸೆ ಪಟ್ಟದ್ದಕ್ಕಿಂತ, ಆಸೆಗೆ ಅಗತ್ಯದ ಹೆಸರಿಟ್ಟು ತನ್ನನ್ನೇ ವಂಚಿಸಿಕೊಳ್ಳುವುದು ದೊಡ್ಡ ತಪ್ಪು.

ಅಜ್ಜಂಪುರದ ಅಮೃತಮಹಲ್ ಎತ್ತುಗಳನ್ನು ನೀವೆಲ್ಲ ಬಲ್ಲಿರಿ. ಓಟಕ್ಕೂ ಛಲಕ್ಕೂ ಹೆಸರಾದ ತಳಿ. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಫಿರಂಗಿ ಎಳೆದವು. ಅವುಗಳ ವೇಗಕ್ಕೆ ಒಂದು ಕೆಲಸವಿತ್ತು, ಕೊರಳಿಗೆ ನೊಗವೂ ಇತ್ತು. ನಿಮ್ಮ ಗಾಡಿಯ ವೇಗಕ್ಕೆ ನೊಗ ಯಾವುದು? ಕಡೂರಿನ ಹೆದ್ದಾರಿಯಲ್ಲಿ ಸೈಕಲ್ ತುಳಿಯುವ ಹುಡುಗನಿದ್ದಾನೆ, ಹುಲ್ಲಿನ ಹೊರೆ ಹೊತ್ತ ತಾಯಿಯಿದ್ದಾಳೆ. ಅವರ ಪ್ರಾಣವೇ ಆ ನೊಗ.

ಕಾರು ಕೊಂಡದ್ದು ಪಾಪವಲ್ಲ. ಅದು ಕಾಯಕದ ಹಣವಾಗಿರಲಿ. ಕೊನೆ ತೆಗೆದ ಆಳಿನ ಕೂಲಿ ಬಾಕಿ ಉಳಿದಿರದಿರಲಿ. ನಡುರಾತ್ರಿ ನೆರೆಮನೆಯ ಬಸುರಿಗೆ ನೋವು ಬಂದರೆ ಮೊದಲು ಹೊರಡುವ ಗಾಡಿ ನಿಮ್ಮದಾಗಲಿ. ಆಗ ನೀವು ಸಮರ್ಥಿಸಿಕೊಳ್ಳಬೇಕಿಲ್ಲ. ಊರೇ ನಿಮ್ಮ ಪರವಾಗಿ ಮಾತಾಡುತ್ತದೆ.